ಸಮುದ್ರದ ವಿಂಡ್ ಫಾರ್ಮ್‌ನಲ್ಲಿ ಕೇಬಲ್ ಎಲ್ಲಿ ಎಳೆಯಬೇಕು? ಲೆಕ್ಕ ಹಾಕಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಕಡಲಿನಲ್ಲಿ ವಿಂಡ್ ಫಾರ್ಮ್ ಕಟ್ಟುವಾಗ ಗಣಿತ ನೇರವಾಗಿ ಹಣ ಉಳಿಸುವ ಜಾಗಗಳು ಮೂರು. ಟರ್ಬೈನ್‌ಗಳನ್ನು ಎಲ್ಲಿ ನಿಲ್ಲಿಸಬೇಕು, ಅವನ್ನು ಸಬ್‌ಸ್ಟೇಷನ್‌ಗೆ ಜೋಡಿಸುವ ಕೇಬಲ್ ಯಾವ ದಾರಿಯಲ್ಲಿ ಹೋಗಬೇಕು, ರಿಪೇರಿ ದೋಣಿ ಯಾವ ದಿನ ಹೊರಡಬೇಕು. ಇವುಗಳಲ್ಲಿ ಕೈಹಾಕಿ ಕಲಿಯಲು ಒಳ್ಳೆಯದು ಎರಡನೆಯದು. ಡೇಟಾ ಕಡಿಮೆ ಸಾಕು, ಉತ್ತರ ಸರಿಯೋ ತಪ್ಪೋ ಎಂದು ಕಣ್ಣಿಂದಲೇ ನೋಡಬಹುದು, ಉಳಿತಾಯವೂ ನಿಜವಾದದ್ದು. ಹಾಗಾಗಿ ಈ ಬರಹದ ಬಹುಪಾಲು ಕೇಬಲ್ ಬಗ್ಗೆಯೇ ಇದೆ.

ಉದಾಹರಣೆಗೆ ಡೆನ್ಮಾರ್ಕ್‌ನ ಪಶ್ಚಿಮ ತೀರದಾಚೆ ಉತ್ತರ ಸಮುದ್ರದಲ್ಲಿರುವ ಹಾರ್ನ್ಸ್ ರೆವ್ 1 ತೆಗೆದುಕೊಳ್ಳೋಣ. 2002ರಲ್ಲಿ ಕಟ್ಟಿದ್ದು. 2 ಮೆಗಾವ್ಯಾಟ್‌ನ 80 ಟರ್ಬೈನ್‌ಗಳು, ಒಟ್ಟು 160 ಮೆಗಾವ್ಯಾಟ್. 80 ಮೀಟರ್ ವ್ಯಾಸದ ರೋಟರ್, ಟರ್ಬೈನ್‌ನಿಂದ ಟರ್ಬೈನ್‌ಗೆ 560 ಮೀಟರ್, ನೀರಿನ ಆಳ 6ರಿಂದ 14 ಮೀಟರ್. ಹತ್ತು ಕಂಬಸಾಲು, ಎಂಟು ಅಡ್ಡಸಾಲು, ಅಚ್ಚುಕಟ್ಟಾದ ಜಾಲ. ಕೆಳಗೆ ಬಳಸಿರುವ ಕೇಬಲ್ ದಪ್ಪ, ವಿದ್ಯುತ್ ದರ, ಬಡ್ಡಿ ದರ ಎಲ್ಲವೂ ಲೆಕ್ಕಕ್ಕೆಂದು ಇಟ್ಟುಕೊಂಡವು. ಅಲ್ಲಿ ನಿಜವಾಗಿ ಹಾಕಿರುವುದು ಇವೇ ಎಂದಲ್ಲ.

ಹಂತ 1: ನಕ್ಷೆಯನ್ನು ಮೀಟರ್‌ಗೆ ತನ್ನಿ

ಟರ್ಬೈನ್‌ಗಳ ಸ್ಥಾನ ಅಕ್ಷಾಂಶ-ರೇಖಾಂಶದಲ್ಲಿ ಬಂದರೆ ಹಾಗೇ ದೂರದ ಲೆಕ್ಕಕ್ಕೆ ಇಳಿಯಬೇಡಿ. ಹಾರ್ನ್ಸ್ ರೆವ್ ಇರುವ 55.5 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಕ್ಷಾಂಶ ಎಂದರೆ 111 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 63 ಕಿಲೋಮೀಟರ್ ಮಾತ್ರ. ಎರಡನ್ನೂ ಒಂದೇ ಎಂದು ಹಿಡಿದರೆ ಪೂರ್ವ-ಪಶ್ಚಿಮದ ಕೇಬಲ್‌ಗಳೆಲ್ಲ ಉದ್ದವಾಗಿ ಕಾಣುತ್ತವೆ, ಸಾಲ್ವರ್ (ಅತಿ ಅಗ್ಗದ ವಿನ್ಯಾಸ ಹುಡುಕುವ ತಂತ್ರಾಂಶ) ಸುಮ್ಮನೆ ಉತ್ತರ-ದಕ್ಷಿಣಕ್ಕೆ ಎಳೆಯುತ್ತದೆ. ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಾನವನ್ನು ಮೀಟರ್‌ನಲ್ಲಿ ಹೇಳುವ ಯುಟಿಎಂ ಪದ್ಧತಿಗೆ ಬದಲಿಸಿ. ಇಲ್ಲಿಗೆ ವಲಯ 32 ಉತ್ತರ.

ನಂತರ ಅಡ್ಡಿಗಳ ಪಟ್ಟಿ. ಮುಳುಗಿದ ಹಡಗು, ಹಳೆಯ ಪೈಪ್‌ಲೈನ್, ಬಂಡೆ, ಮತ್ತು ಉತ್ತರ ಸಮುದ್ರದಲ್ಲಿ ಎರಡು ಮಹಾಯುದ್ಧಗಳು ಬಿಟ್ಟುಹೋದ ಸಿಡಿಯದ ಬಾಂಬುಗಳು. ಪ್ರತಿಯೊಂದಕ್ಕೂ ಸುತ್ತ ಒಂದು ಸುರಕ್ಷತಾ ಅಂತರ ಕೊಟ್ಟು ಬಹುಭುಜಾಕೃತಿಯಾಗಿ ಗುರುತಿಸಿ. ಸರ್ವೇ ಇನ್ನೂ ಮುಗಿದಿಲ್ಲ ಎಂದಾದರೆ ಈ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಇಡೀ ಲೆಕ್ಕವನ್ನು ಒಂದೇ ಕಮಾಂಡ್‌ನಲ್ಲಿ ಮತ್ತೆ ಓಡಿಸಲು ಬರುವಂತೆ ಮೊದಲಿನಿಂದಲೇ ಕಟ್ಟಿಕೊಳ್ಳಿ.

ಗಾಳಿಗೆ ಕನಿಷ್ಠ ಒಂದು ಪೂರ್ತಿ ವರ್ಷದ ಗಂಟೆಗಂಟೆಯ ಸರಣಿ ಬೇಕು. ಹತ್ತಾರು ವರ್ಷದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಯುರೋಪಿನ ಇಆರ್‌ಎ5 ದತ್ತಾಂಶ 100 ಮೀಟರ್ ಎತ್ತರದ ಗಾಳಿಯನ್ನು ಗಂಟೆಗಂಟೆಗೆ ಉಚಿತವಾಗಿ ಕೊಡುತ್ತದೆ. ಅದರ ಚೌಕಗಳು ಸುಮಾರು 31 ಕಿಲೋಮೀಟರ್ ಅಗಲದವು. ಕೇಬಲ್ ನಷ್ಟದ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು.

ಹಂತ 2: ಒಂದು ಕೇಬಲ್ ಎಷ್ಟು ಟರ್ಬೈನ್ ಹೊರುತ್ತದೆ?

33 ಕಿಲೋವೋಲ್ಟ್ ಜಾಲ, ತಾಮ್ರದ ಮೂರು ಕೋರ್ ಕೇಬಲ್ ಎರಡು ದಪ್ಪದಲ್ಲಿ ಇದೆ ಎಂದುಕೊಳ್ಳಿ. 95 ಚದರ ಮಿ.ಮೀ.ನದು 300 ಆಂಪಿಯರ್, 240ರದು 480 ಆಂಪಿಯರ್.

ಒಂದು ಟರ್ಬೈನ್‌ನ ಕರೆಂಟ್ = ಪವರ್ ÷ (√3 × ವೋಲ್ಟೇಜ್ × ಪವರ್ ಫ್ಯಾಕ್ಟರ್).

ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ಉಪಯುಕ್ತ ಶಕ್ತಿ ಹೊರುವ ಪಾಲು) 1 ಎಂದರೆ 35 ಆಂಪಿಯರ್. ಆದರೆ ಗ್ರಿಡ್ ನಿಯಮ ಟರ್ಬೈನ್‌ನಿಂದ ರಿಯಾಕ್ಟಿವ್ ಪವರ್ (ಕೆಲಸ ಮಾಡದೆ, ವೋಲ್ಟೇಜ್ ಹಿಡಿದಿಡಲು ಹೋಗಿಬರುವ ವಿದ್ಯುತ್) ಕೂಡ ಕೇಳುತ್ತದೆ. 0.95 ಎಂದು ಹಿಡಿದರೆ 36.8 ಆಂಪಿಯರ್. ಈಗ 480 ÷ 36.8 = 13.04. ಹದಿಮೂರು ಟರ್ಬೈನ್ ಕೂತವು ಎಂದು ಖುಷಿಪಡುವ ಮೊದಲು ವೋಲ್ಟೇಜ್ ಶೇ. 5 ಕುಸಿದ ಸ್ಥಿತಿಯನ್ನು ನೋಡಿ. ಕರೆಂಟ್ 38.8 ಆಂಪಿಯರ್ ಆಗುತ್ತದೆ, ದಪ್ಪ ಕೇಬಲ್ ಹೊರುವುದು 12 ಮಾತ್ರ, ತೆಳು ಕೇಬಲ್ 8ರ ಬದಲು 7. ಈ ಒಂದು ಅಂಕಿ ಮುಂದಿನ ಎಲ್ಲವನ್ನೂ ತೀರ್ಮಾನಿಸುತ್ತದೆ. ಎಲೆಕ್ಟ್ರಿಕಲ್ ತಂಡದಿಂದ ಇದನ್ನು ಬರಹದಲ್ಲಿ ಪಡೆಯದೆ ಮುಂದೆ ಹೋಗಬೇಡಿ. ವಿನ್ಯಾಸವೆಲ್ಲ ಮುಗಿದ ಮೇಲೆ 13 ಹೋಗಿ 12 ಆದರೆ ಇಡೀ ಚಿತ್ರ ಬದಲಾಗುತ್ತದೆ. ಒಂದೆರಡು ಕೇಬಲ್ ತಿದ್ದಿ ಸರಿಮಾಡಲು ಬರುವುದಿಲ್ಲ.

ಇಲ್ಲಿಂದ ಮುಂದೆ ಮಿತಿಗಳು 7 ಮತ್ತು 12.

ಹಂತ 3: ವೆಚ್ಚದ ಟೇಬಲ್

ಸಾಲ್ವರ್ ಯಾವುದು, ಅದಕ್ಕೆ ಎಷ್ಟು ಪ್ರೊಸೆಸರ್ ಎಂಬ ಚರ್ಚೆಗಿಂತ ಮುಖ್ಯವಾದ ಕೆಲಸ ಇದು. ಕೇಬಲ್‌ನಲ್ಲಿ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಹಾಗೇ ಮಾಡೆಲ್‌ಗೆ, ಅಂದರೆ ಸಾಲ್ವರ್‌ಗೆ ಕೊಡುವ ಸಮೀಕರಣಗಳಿಗೆ, ಹಾಕಿದರೆ ರೇಖೀಯ ಲೆಕ್ಕ ಹೋಗಿ ವರ್ಗ ಪದಗಳ ಲೆಕ್ಕವಾಗುತ್ತದೆ, ಸಾಲ್ವರ್ ತೆವಳುತ್ತದೆ. ಆದರೆ ಒಂದು ಕೇಬಲ್‌ನಲ್ಲಿ ಹರಿಯುವುದು 1, 2, 3 ಹೀಗೆ ಪೂರ್ಣ ಸಂಖ್ಯೆಯ ಟರ್ಬೈನ್‌ಗಳ ಕರೆಂಟ್ ತಾನೇ? ಅಂದಮೇಲೆ ಪ್ರತಿ ಸಂಖ್ಯೆಗೂ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಟೇಬಲ್‌ನಲ್ಲಿ ಬರೆದಿಟ್ಟರಾಯಿತು. ವರ್ಗಪದ ಮಾಡೆಲ್‌ನೊಳಗೆ ಬರುವುದೇ ಇಲ್ಲ.

ಒಂದು ತುಂಡನ್ನು ಪೂರ್ತಿ ಲೆಕ್ಕ ಹಾಕೋಣ. 560 ಮೀಟರ್ ಉದ್ದ, 7 ಟರ್ಬೈನ್‌ಗಳ ಕರೆಂಟ್, ಅಂದರೆ 257.6 ಆಂಪಿಯರ್. ಬಿಸಿಯಾದ ಸ್ಥಿತಿಯಲ್ಲಿ ತೆಳು ಕೇಬಲ್‌ನ ರೋಧ ಕಿಲೋಮೀಟರಿಗೆ 0.246 ಓಮ್, ದಪ್ಪದ್ದು 0.098 ಓಮ್.

ನಷ್ಟ = 3 × ಕರೆಂಟ್‌ನ ವರ್ಗ × ರೋಧ × ಉದ್ದ.

ತೆಳುವಿನಲ್ಲಿ 27.4 ಕಿಲೋವ್ಯಾಟ್, ದಪ್ಪದಲ್ಲಿ 10.9. ವ್ಯತ್ಯಾಸ 16.5 ಕಿಲೋವ್ಯಾಟ್. ಇದು ಎಲ್ಲ ಟರ್ಬೈನ್‌ಗಳೂ ಪೂರ್ಣ ಶಕ್ತಿಯಲ್ಲಿ ತಿರುಗುವಾಗಿನ ಮಾತು. ವರ್ಷದ ಸರಾಸರಿಗೆ ಇದನ್ನು ಯಾವುದರಿಂದ ಗುಣಿಸಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಕೆಪಾಸಿಟಿ ಫ್ಯಾಕ್ಟರ್ (ಪೂರ್ಣ ಶಕ್ತಿಯ ಎದುರು ವರ್ಷದ ಸರಾಸರಿ ಉತ್ಪಾದನೆಯ ಪಾಲು) 0.45 ಇದ್ದರೆ ಅದನ್ನು ವರ್ಗ ಮಾಡಿ 0.20 ಎಂದು ಹಾಕಿಬಿಡುತ್ತಾರೆ. ಬೇಕಾಗಿರುವುದು ಸರಾಸರಿಯ ವರ್ಗ ಅಲ್ಲ, ವರ್ಗಗಳ ಸರಾಸರಿ. ಗಾಳಿಯ ಪ್ರತಿ ಗಂಟೆಗೂ ಉತ್ಪಾದನೆಯ ಅಂಶವನ್ನು ವರ್ಗ ಮಾಡಿ, ಆಮೇಲೆ ಸರಾಸರಿ ತೆಗೆಯಿರಿ. ಅದು 0.33 ಬಂತು ಎನ್ನಿ. ಹಾಗಿದ್ದರೆ 0.20 ಹಾಕಿದವರು ನಷ್ಟವನ್ನು ಸುಮಾರು ಶೇ. 39 ಕಡಿಮೆ ತೋರಿಸಿದ್ದಾರೆ, ಎಲ್ಲೆಡೆ ತೆಳು ಕೇಬಲ್ ಆರಿಸಿ ಕೂತಿರುತ್ತಾರೆ.

16.5 × 0.33 × 8760 = ವರ್ಷಕ್ಕೆ ಸುಮಾರು 47.7 ಮೆಗಾವ್ಯಾಟ್-ಗಂಟೆ. ಒಂದಕ್ಕೆ 60 ಯೂರೋ ದರದಲ್ಲಿ 2,860 ಯೂರೋ. 25 ವರ್ಷ, ಶೇ. 6 ಬಡ್ಡಿಗೆ ಇವತ್ತಿನ ಮೌಲ್ಯಕ್ಕೆ ತರುವ ಗುಣಕ 12.78, ಹೀಗಾಗಿ ಸುಮಾರು 36,600 ಯೂರೋ. ಮೀಟರಿಗೆ 65 ಯೂರೋ. ತೆಳು ಮತ್ತು ದಪ್ಪ ಕೇಬಲ್‌ಗಳ ಬೆಲೆ ವ್ಯತ್ಯಾಸ ಇದಕ್ಕಿಂತ ಕಡಿಮೆಯಿದ್ದರೆ, ತೆಳು ಕೇಬಲ್ ಕರೆಂಟನ್ನು ಆರಾಮಾಗಿ ಹೊರುತ್ತಿದ್ದರೂ ದಪ್ಪದ್ದೇ ಲಾಭ. ಅದೇ ತುಂಡಿನಲ್ಲಿ 4 ಟರ್ಬೈನ್ ಮಾತ್ರ ಇದ್ದರೆ ಈ ಮಿತಿ ಮೀಟರಿಗೆ 21 ಯೂರೋಗೆ ಇಳಿಯುತ್ತದೆ. 1 ಟರ್ಬೈನ್‌ಗೆ ಒಂದೂಕಾಲು ಯೂರೋದ ಆಸುಪಾಸು.

ಹೀಗೆ 1ರಿಂದ 12ರವರೆಗೆ ಪ್ರತಿ ಸಂಖ್ಯೆಗೂ ಎರಡು ಕೇಬಲ್‌ಗಳ ಒಟ್ಟು ವೆಚ್ಚ ಹೋಲಿಸಿ, ಅಗ್ಗವಾದದ್ದನ್ನು ಟೇಬಲ್‌ನಲ್ಲಿ ಇಡಿ. ಕೇಬಲ್ ದಪ್ಪದ ಆಯ್ಕೆ ಇಲ್ಲೇ ಮುಗಿಯಿತು. ಅದೂ ಮಾಡೆಲ್‌ನೊಳಗೆ ಹೋಗುವುದಿಲ್ಲ.

ಕೆಡುವ ಕೇಬಲ್‌ನ ಲೆಕ್ಕವೂ ಇದೇ ಟೇಬಲ್‌ಗೆ ಸೇರುತ್ತದೆ. 12 ಟರ್ಬೈನ್ ಹೊತ್ತ ಕೊನೆಯ ತುಂಡು ಚಳಿಗಾಲದಲ್ಲಿ ತುಂಡಾಗಿ 60 ದಿನ ರಿಪೇರಿ ಆಗಲಿಲ್ಲ ಎಂದುಕೊಳ್ಳಿ. 24 ಮೆಗಾವ್ಯಾಟ್ × 0.45 × 24 × 60 = 15,552 ಮೆಗಾವ್ಯಾಟ್-ಗಂಟೆ, ಅಂದರೆ 9.3 ಲಕ್ಷ ಯೂರೋ ಆದಾಯ ಹೋಯಿತು. ಇದನ್ನು ಕಿಲೋಮೀಟರಿಗೆ ವರ್ಷದ ಕೆಡುವ ಸಂಭವದಿಂದಲೂ, ಇವತ್ತಿನ ಮೌಲ್ಯಕ್ಕೆ ತರುವ 12.78ರಿಂದಲೂ ಗುಣಿಸಿದರೆ ಟರ್ಬೈನ್ ಸಂಖ್ಯೆ ಮತ್ತು ಉದ್ದಕ್ಕೆ ನೇರ ಅನುಪಾತದ ಒಂದು ವೆಚ್ಚ ಸಿಗುತ್ತದೆ, ಕೂಡಿಸಿಬಿಡಿ. ಇದನ್ನು ಸೇರಿಸದೆ ಬಿಟ್ಟರೆ ಸಾಲ್ವರ್‌ಗೆ ಉದ್ದುದ್ದ ಸರಪಳಿಗಳ ಮೇಲೆ ಪ್ರೀತಿ ಹೆಚ್ಚು.

ಪ್ರತಿ ತುಂಡಿಗೂ ಎರಡು ತುದಿಯಲ್ಲಿ ಸಮುದ್ರತಳದಿಂದ ಸ್ವಿಚ್‌ಗೇರ್‌ವರೆಗೆ (ಕೇಬಲ್‌ಗಳನ್ನು ಜೋಡಿಸುವ, ಕಡಿಯುವ ಸಲಕರಣೆ) ಏರುವ ಉದ್ದ ಮತ್ತು ಎಳೆದುಕೊಳ್ಳಲು ಬೇಕಾದ ಹೆಚ್ಚುವರಿ ಉದ್ದವನ್ನು ಸೇರಿಸುವುದನ್ನು ಮರೆಯಬಾರದು. ಇದನ್ನು ಸೇರಿಸಿದರೆ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಆಗುವುದಿಲ್ಲ. ಪ್ರತಿ ಟರ್ಬೈನ್‌ನಿಂದ ಒಂದೇ ಕೇಬಲ್ ಹೊರಡುವುದರಿಂದ ತುಂಡುಗಳು ಯಾವ ವಿನ್ಯಾಸದಲ್ಲೂ 80. ಬದಲಾಗುವುದು ದಪ್ಪ ಕೇಬಲ್ ಎಷ್ಟು, ತೆಳು ಎಷ್ಟು ಎಂಬ ಪಾಲು ಮಾತ್ರ.

ಹಂತ 4: ಯಾವ ರೇಖೆಗಳನ್ನು ಪರಿಗಣಿಸಬೇಕು?

80 ಟರ್ಬೈನ್, ಒಂದು ಸಬ್‌ಸ್ಟೇಷನ್. ಪ್ರತಿ ಟರ್ಬೈನ್‌ನಿಂದ ಉಳಿದ 79ಕ್ಕೂ ಸಬ್‌ಸ್ಟೇಷನ್‌ಗೂ ರೇಖೆ ಎಳೆದರೆ 6,400 ದಿಕ್ಕುಳ್ಳ ರೇಖೆಗಳು. ಬಹುಪಾಲು ನಿರುಪಯುಕ್ತ. ಹತ್ತಿರದ ಕೆಲವನ್ನಷ್ಟೇ ಇಟ್ಟುಕೊಳ್ಳುವುದು ರೂಢಿ. ಆದರೆ ಚೌಕ ಜಾಲದಲ್ಲಿ "ಹತ್ತಿರದ ಹತ್ತು" ಎಂದರೆ ಮೋಸ ಹೋಗುತ್ತೀರಿ. ಮೊದಲ ಎಂಟು ಅಕ್ಕಪಕ್ಕ ಮತ್ತು ಮೂಲೆಯವು, ಸರಿ. ಒಂಬತ್ತು, ಹತ್ತನೆಯವು 1,120 ಮೀಟರ್ ದೂರದಲ್ಲಿ ಅದೇ ಸಾಲಿನಲ್ಲಿರುವವು. ಅಲ್ಲಿಗೆ ಹೋಗುವ ರೇಖೆ ನಡುವಿನ ಟರ್ಬೈನ್‌ನ ಅಡಿಪಾಯದ ಮೇಲೆಯೇ ಹಾದುಹೋಗುತ್ತದೆ! ಚದುರಂಗದ ಕುದುರೆಯ ನಡೆಯಂತೆ ಎರಡು ಮನೆ ಹೋಗಿ ಪಕ್ಕಕ್ಕೆ ತಿರುಗುವ, ಸುಮಾರು 1,250 ಮೀಟರಿನ ಉಪಯುಕ್ತ ರೇಖೆಗಳು ಪಟ್ಟಿಯಿಂದ ಹೊರಗುಳಿಯುತ್ತವೆ.

ಆದ್ದರಿಂದ ಮೊದಲು ಬೇರೆ ಟರ್ಬೈನ್‌ನಿಂದ 50 ಮೀಟರ್ ಒಳಗೆ ಹಾದುಹೋಗುವ ರೇಖೆಗಳನ್ನೆಲ್ಲ ತೆಗೆಯಿರಿ, ಆಮೇಲೆ ಹತ್ತಿರದ 16 ಆರಿಸಿ. ಸಬ್‌ಸ್ಟೇಷನ್‌ಗೆ ಹೋಗುವ ರೇಖೆಯೂ ಟರ್ಬೈನ್‌ಗೆ ತಾಗುವಂತಿದ್ದರೆ ಅದನ್ನು ತೆಗೆಯುವ ಬದಲು ಒಂದು ತಿರುವು ಕೊಟ್ಟು ಉಳಿಸಿಕೊಳ್ಳಿ. ಅಡ್ಡಿಯ ಬಹುಭುಜವನ್ನು ತಾಗುವ ರೇಖೆಗೆ ಸುತ್ತಿ ಹೋಗುವ ಉದ್ದ ಹಾಕಿ.

ಹಂತ 5: ಮಾಡೆಲ್

ವೇರಿಯಬಲ್ ಒಂದೇ ಬಗೆಯದು: "ಈ ಟರ್ಬೈನ್‌ನಿಂದ ಆ ಟರ್ಬೈನ್‌ಗೆ, ಇಷ್ಟು ಟರ್ಬೈನ್‌ಗಳ ಕರೆಂಟ್ ಹೊತ್ತ ಕೇಬಲ್ ಇದೆಯೇ?" ಇದ್ದರೆ 1, ಇಲ್ಲದಿದ್ದರೆ 0. ಅದರ ವೆಚ್ಚ ಹಂತ 3ರ ಟೇಬಲ್‌ನಿಂದ. ಒಟ್ಟು ವೆಚ್ಚ ಕನಿಷ್ಠವಾಗಬೇಕು.

ಟರ್ಬೈನ್‌ಗೆ ಬಂದು ಸೇರುವ ಕೇಬಲ್ 12ನ್ನು ಹೊತ್ತಿರಲು ಸಾಧ್ಯವಿಲ್ಲ, ಆ ಟರ್ಬೈನ್ ತನ್ನದೊಂದನ್ನು ಸೇರಿಸಬೇಕಲ್ಲ. ಹಾಗಾಗಿ ಅಂಥ ರೇಖೆಗಳಿಗೆ 11ರವರೆಗೆ ಸಾಕು, ಸಬ್‌ಸ್ಟೇಷನ್‌ಗೆ ಹೋಗುವವಕ್ಕೆ ಮಾತ್ರ 12. ವೇರಿಯಬಲ್‌ಗಳು ಗರಿಷ್ಠ 80 × 16 × 11 + 80 × 12 = 15,040.

ನಿರ್ಬಂಧಗಳು:

– ಪ್ರತಿ ಟರ್ಬೈನ್‌ನಿಂದ ನಿಖರವಾಗಿ ಒಂದು ಕೇಬಲ್ ಹೊರಡಬೇಕು.
– ಹೊರಡುವ ಕೇಬಲ್ ಹೊತ್ತ ಸಂಖ್ಯೆ, ಬಂದು ಸೇರಿದ ಸಂಖ್ಯೆಗಳ ಮೊತ್ತಕ್ಕಿಂತ ಒಂದು ಹೆಚ್ಚಿರಬೇಕು.
– ಒಂದು ಟರ್ಬೈನ್‌ಗೆ ಬಂದು ಸೇರುವ ಕೇಬಲ್‌ಗಳು ಎರಡಕ್ಕಿಂತ ಹೆಚ್ಚಿರಬಾರದು. ಇದು ಸ್ವಿಚ್‌ಗೇರ್ ಮತ್ತು ಅಡಿಪಾಯದ ಕೇಬಲ್ ಕೊಳವೆಗಳ ಮಿತಿ.
– ಫೀಡರ್‌ಗಳು, ಅಂದರೆ ಸಬ್‌ಸ್ಟೇಷನ್‌ಗೆ ನೇರವಾಗಿ ಬರುವ ಕೇಬಲ್‌ಗಳು, ಅಲ್ಲಿನ ಜಾಗದ ಮಿತಿಯೊಳಗಿರಬೇಕು, ಮತ್ತು 80 ÷ 12 ಅನ್ನು ಮೇಲಕ್ಕೆ ಪೂರ್ಣಗೊಳಿಸಿದರೆ ಬರುವ 7ಕ್ಕಿಂತ ಕಡಿಮೆ ಆಗಬಾರದು.

ಕೊನೆಯದರ ಎರಡನೇ ಭಾಗ ತರ್ಕದಿಂದ ತಾನಾಗಿಯೇ ಬರುವಂಥದ್ದು, ಆದರೂ ಬರೆಯಿರಿ. ಸಾಲ್ವರ್ ಒಳಗೊಳಗೆ 6.67 ಫೀಡರ್ ಎಂಬ ಅರ್ಥವಿಲ್ಲದ ಭಿನ್ನರಾಶಿ ಹಿಡಿದು ಕಾಲ ಕಳೆಯುವುದು ತಪ್ಪುತ್ತದೆ. ಸುತ್ತು ಬೀಳದಂತೆ ಪ್ರತ್ಯೇಕ ನಿರ್ಬಂಧ ಬೇಡ. ಸುತ್ತಿನಲ್ಲಿ ಪ್ರತಿ ಹೆಜ್ಜೆಗೂ ಸಂಖ್ಯೆ ಏರಲೇಬೇಕು, ಮರಳಿ ಬಂದಾಗ ಹೊಂದುವುದಿಲ್ಲ.

ಹಂತ 6: ಒಂದರ ಮೇಲೊಂದು ಹಾಯುವ ಕೇಬಲ್

ಸಮುದ್ರತಳದಲ್ಲಿ ಕೇಬಲ್ ಮೇಲೆ ಕೇಬಲ್ ಹಾಯಿಸಿದರೆ ನಡುವೆ ರಕ್ಷಣೆಯ ಹಾಸು ಬೇಕು, ಆ ಜಾಗ ಬಿಸಿಯಾಗುತ್ತದೆ, ಕೆಳಗಿನದನ್ನು ರಿಪೇರಿಗೆ ಎತ್ತಲು ಮೇಲಿನದನ್ನೂ ಮುಟ್ಟಬೇಕು. ಆದ್ದರಿಂದ ನಿಷೇಧ. ಆದರೆ 700 ರೇಖೆಗಳಿದ್ದರೆ ಜೋಡಿಗಳು 2,44,650. ಎಲ್ಲವನ್ನೂ ಪರೀಕ್ಷಿಸಿ, ಹಾಯುವುದಕ್ಕೆಲ್ಲ ನಿರ್ಬಂಧ ಮೊದಲೇ ಬರೆದರೆ ಮಾಡೆಲ್ ಊದಿಕೊಳ್ಳುತ್ತದೆ. ಮೊದಲು ಇವಿಲ್ಲದೆ ಬಿಡಿಸಿ, ಬಂದ ಉತ್ತರದಲ್ಲಿ ಹಾಯ್ದಿರುವ ಜೋಡಿಗಳನ್ನು ಹುಡುಕಿ, ಅವಕ್ಕೆ ಮಾತ್ರ "ಇವೆರಡರಲ್ಲಿ ಒಂದೇ" ಎಂದು ಸೇರಿಸಿ, ಮತ್ತೆ ಬಿಡಿಸಿ. ಹಾಯುವುದು ನಿಲ್ಲುವವರೆಗೆ ಇದೇ ಲೂಪ್. ಗುರೋಬಿ, ಸಿಪ್ಲೆಕ್ಸ್ ಸಾಲ್ವರ್‌ಗಳಲ್ಲಿ ಇದನ್ನು ಲೆಕ್ಕದ ನಡುವೆಯೇ ಮಾಡಬಹುದು.

ನಿರ್ಬಂಧ ಬರೆಯುವಾಗ ಎರಡೂ ದಿಕ್ಕುಗಳನ್ನು ಸೇರಿಸಿ. ಹೋಗುವ ದಿಕ್ಕಿಗೆ ಮಾತ್ರ ಬರೆದರೆ ಮುಂದಿನ ಸುತ್ತಿನಲ್ಲಿ ಅದೇ ಕೇಬಲ್ ತಿರುಗಿ ನಿಂತು ಮತ್ತೆ ಹಾಯುತ್ತದೆ.

ಹಂತ 7: ಬಿಡಿಸುವುದು

ಪೈಥಾನ್‌ನಲ್ಲಿ ಮಾಡೆಲ್ ಬರೆಯುವ ಸಾಧನ ಪೈಯೋಮೋ ಬಳಸಿ ಬರೆದು, ಎಡಿನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಮುಕ್ತ ಸಾಲ್ವರ್ ಹೈಸ್‌ಗೆ ಕೊಡಬಹುದು. ಒಳಗೆ ನಡೆಯುವ ಬ್ರಾಂಚ್ ಅಂಡ್ ಬೌಂಡ್ ವಿಧಾನ (ಸಾಧ್ಯತೆಗಳನ್ನು ಕವಲೊಡೆಸಿ, ಅಗ್ಗವಾಗಲಾರದ ಕವಲುಗಳನ್ನು ಕೈಬಿಡುವುದು) 1960ರಲ್ಲಿ ಐಲ್ಸಾ ಲ್ಯಾಂಡ್ ಮತ್ತು ಅಲಿಸನ್ ಡಾಯ್ಗ್ ಪ್ರಕಟಿಸಿದ್ದು.

ಸಾಲ್ವರ್ ಎರಡು ಅಂಕಿ ತೋರಿಸುತ್ತಾ ಹೋಗುತ್ತದೆ: ಇದುವರೆಗೆ ಸಿಕ್ಕ ಅತಿ ಅಗ್ಗದ ವಿನ್ಯಾಸ, ಮತ್ತು ಯಾವ ವಿನ್ಯಾಸವೂ ಇದಕ್ಕಿಂತ ಅಗ್ಗವಾಗಲಾರದು ಎಂಬ ಕೆಳಮಿತಿ. ಇವೆರಡರ ಅಂತರವೇ ಗ್ಯಾಪ್. ಶೇ. 1 ಗ್ಯಾಪ್‌ನಲ್ಲಿ ನಿಲ್ಲಿಸುವುದು ಸಮಂಜಸ, ಕೇಬಲ್ ಹಾಕುವ ದರದ ಅನಿಶ್ಚಿತತೆಯೇ ಅದಕ್ಕಿಂತ ದೊಡ್ಡದಿರುತ್ತದೆ. ಗಂಟೆಗಟ್ಟಲೆ ಓಡಿದರೂ ಗ್ಯಾಪ್ ಶೇ. 5ರ ಕೆಳಗೆ ಇಳಿಯದಿದ್ದರೆ ಕಂಪ್ಯೂಟರ್ ಬದಲಿಸುವ ಮೊದಲು ಈ ಎರಡನ್ನು ಮಾಡಿ. ಇಸೌ-ವಿಲಿಯಮ್ಸ್ ಎಂಬ 1966ರ ಸರಳ ವಿಧಾನದಿಂದ ಒಂದು ಆರಂಭಿಕ ವಿನ್ಯಾಸ ಮಾಡಿ ಕೊಡಿ. ಆಮೇಲೆ ಸಬ್‌ಸ್ಟೇಷನ್‌ನಿಂದ ಬೀಸಣಿಗೆಯಂತೆ ಒಂದು ಕೋನವನ್ನು ಬಿಡಿಸಿ, ಅದರೊಳಗಿನ ಟರ್ಬೈನ್‌ಗಳನ್ನು ಮಾತ್ರ ಬದಲಾಗಲು ಬಿಟ್ಟು ಉಳಿದೆಲ್ಲವನ್ನೂ ಸ್ಥಿರವಾಗಿಡಿ. ಸಣ್ಣ ಸಮಸ್ಯೆ ಬೇಗ ಬಿಡುತ್ತದೆ. ಕೋನವನ್ನು ಸರಿಸುತ್ತಾ ಒಂದು ಸುತ್ತು ಹಾಕಿ. ಬೆಲೆ ಇಳಿಯುತ್ತಿರುವವರೆಗೆ ಮುಂದುವರಿಸಿ. ಆದರೆ ಕೆಳಮಿತಿ ಪೂರ್ತಿ ಮಾಡೆಲ್‌ನಿಂದಲೇ ಬರಬೇಕು. ತುಂಡು ಲೆಕ್ಕದ ಸೊನ್ನೆ ಗ್ಯಾಪ್ ನೋಡಿ ಇಡೀ ವಿನ್ಯಾಸ ಅತ್ಯುತ್ತಮ ಎನ್ನಬಾರದು.

ಕ್ಯಾಟಲಾಗ್‌ನಲ್ಲಿ ಐದು ದಪ್ಪಗಳಿದ್ದರೂ ಐದನ್ನೂ ಕೊಳ್ಳುವುದಿಲ್ಲ. ಪ್ರತಿ ದಪ್ಪಕ್ಕೂ ಬಿಡಿ ಕೇಬಲ್, ಜಾಯಿಂಟ್ ದಾಸ್ತಾನು ಬೇಕು. ಎರಡೆರಡರ ಹತ್ತು ಜೋಡಿಗಳಿಗೂ ಟೇಬಲ್ ಬದಲಿಸಿ ಓಡಿಸಿ ಹೋಲಿಸುವುದೇ ಸುಲಭ.

ಹಂತ 8: ನಂಬುವ ಮೊದಲು

ಬಂದ ವಿನ್ಯಾಸವನ್ನು ಬೇರೆ ತಂತ್ರಾಂಶದಲ್ಲಿ ಪೂರ್ಣ ಲೋಡ್ ಫ್ಲೋ (ಪ್ರತಿ ಕೇಬಲ್‌ನ ಕರೆಂಟ್, ವೋಲ್ಟೇಜ್‌ಗಳ ಲೆಕ್ಕ) ಹಾಕಿ. ನಕ್ಷೆಯ ಮೇಲೆ ಎಳೆದು ನೋಡಿ. ಪ್ರತಿ ಟರ್ಬೈನ್‌ನಿಂದ ಬೆರಳಿಟ್ಟು ಸಬ್‌ಸ್ಟೇಷನ್‌ವರೆಗೆ ಹೋಗಿ ಸಂಖ್ಯೆ ಕೂಡಿಸಿ, 80 ಬರಬೇಕು. ವಿದ್ಯುತ್ ದರ 40 ಮತ್ತು 80 ಯೂರೋ ಹಾಕಿ ಮತ್ತೆ ಬಿಡಿಸಿ. ದಾರಿ ಬದಲಾಗದೆ ದಪ್ಪ ಮಾತ್ರ ಬದಲಾದರೆ ವಿನ್ಯಾಸ ಗಟ್ಟಿ. ದಾರಿಯೇ ಬದಲಾದರೆ ತೀರ್ಮಾನ ಮಾಡುವವರ ಮುಂದೆ ಎರಡನ್ನೂ ಇಡಿ, ಮೂರೂ ದರದಲ್ಲಿ ಎರಡರ ವೆಚ್ಚ ಬರೆದು.

ಟರ್ಬೈನ್ ಜಾಗ, ರಿಪೇರಿ ದೋಣಿ

ಟರ್ಬೈನ್ ಸ್ಥಾನಕ್ಕೂ ಇದೇ ಜಾಡು. ಒಂದರ ಹಿಂದಿನ ನೆರಳಿನಲ್ಲಿ ಇನ್ನೊಂದಕ್ಕೆ ಗಾಳಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಜೋಡಿಜೋಡಿಯಾಗಿ ಮೊದಲೇ ಲೆಕ್ಕ ಹಾಕಿಡಿ. 1983ರಲ್ಲಿ ಡೆನ್ಮಾರ್ಕ್‌ನ ರಿಸೋ ಪ್ರಯೋಗಾಲಯದ ಜೆನ್ಸೆನ್ ಕೊಟ್ಟ ಸೂತ್ರದಲ್ಲಿ, ಥ್ರಸ್ಟ್ ಗುಣಾಂಕ (ರೋಟರ್ ಗಾಳಿಯನ್ನು ಎಷ್ಟು ತಡೆಯುತ್ತದೆ) 0.8, ಹರಡುವಿಕೆಯ ಗುಣಾಂಕ (ನೆರಳು ಹಿಂದೆ ಹೋದಂತೆ ಎಷ್ಟು ಅಗಲವಾಗುತ್ತದೆ) 0.04 ಹಾಕಿದರೆ, ಏಳು ವ್ಯಾಸ ಹಿಂದೆ ನೇರ ಸಾಲಿನಲ್ಲಿ ವೇಗ ಶೇ. 22.7 ಇಳಿಯುತ್ತದೆ. ಶಕ್ತಿ ವೇಗದ ಘನಕ್ಕೆ ಅನುಗುಣ, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ನಷ್ಟ. ಆ ದಿಕ್ಕಿನಲ್ಲಿ ವರ್ಷಕ್ಕೆ ಎಷ್ಟು ಗಂಟೆ ಗಾಳಿ ಬೀಸುತ್ತದೆ ಎಂಬುದೇ ಉಳಿದ ಪ್ರಶ್ನೆ. 2008ರ ಫೆಬ್ರುವರಿ 12ರಂದು ತೆಗೆದ ಹಾರ್ನ್ಸ್ ರೆವ್ ಚಿತ್ರದಲ್ಲಿ ಈ ನೆರಳುಗಳು ಮಂಜಿನ ಬಾಲಗಳಾಗಿ ಕಾಣುತ್ತವೆ, ಹುಡುಕಿ ನೋಡಿ. ಗಣಿತದಲ್ಲಿ ಎಚ್ಚರ ಬೇಕಾದದ್ದು ಒಂದೇ: ಹಲವು ನೆರಳುಗಳು ಬಿದ್ದಾಗ ನಷ್ಟಗಳನ್ನು ನೇರವಾಗಿ ಕೂಡಿಸಿದರೆ ಒಳಗಿನ ಸಾಲುಗಳಿಗೆ ನಷ್ಟ ಅತಿಯಾಗುತ್ತದೆ. ಬಂದ ವಿನ್ಯಾಸವನ್ನು ಪೂರ್ಣ ಮಾಡೆಲ್‌ನಲ್ಲಿ ಮತ್ತೆ ತೂಗಿ.

ರಿಪೇರಿ ದೋಣಿಗಳ ಮಾಡೆಲ್‌ನಲ್ಲಿ ಕೆಡುವುದು ಹವಾಮಾನದ ಸರಾಸರಿ ಬಳಸುವುದರಿಂದ. ಸಿಬ್ಬಂದಿ ದೋಣಿ ಸಾಮಾನ್ಯವಾಗಿ 1.5 ಮೀಟರ್ ಅಲೆಯವರೆಗೆ ಹೋಗುತ್ತದೆ. ತಿಂಗಳಲ್ಲಿ ಅಂಥ ಗಂಟೆ ಶೇ. 50 ಇದೆ ಎಂದರೆ ಎಂಟು ಗಂಟೆ ಬಿಡದೆ ಸಿಗುವ ಕಿಂಡಿಗಳು ಬಹಳ ಕಡಿಮೆ ಇರಬಹುದು. ಗಂಟೆಗಳನ್ನಲ್ಲ, ಕಿಂಡಿಗಳನ್ನು ಎಣಿಸಿ.

ನಮ್ಮ ಸಮುದ್ರಕ್ಕೆ ಇದನ್ನು ತರುವಾಗ

2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮುದ್ರದ ವಿಂಡ್ ಫಾರ್ಮ್‌ಗಳಿಗೆ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿತು. ಗುಜರಾತ್ ಮತ್ತು ತಮಿಳುನಾಡು ತೀರದಲ್ಲಿ ತಲಾ 500 ಮೆಗಾವ್ಯಾಟ್‌ಗೆ ಈ ಹಣದ ಬಹುಪಾಲು, ಉಳಿದದ್ದು ಬಂದರುಗಳಿಗೆ. ಕರ್ನಾಟಕದ ಕರಾವಳಿ ಇದರಲ್ಲಿಲ್ಲ. ಆದರೆ ಈ ಲೆಕ್ಕ ಹಾಕುವ ಕೆಲಸ ಬೆಂಗಳೂರಿನ ಮೇಜಿನ ಮೇಲೂ ಆಗಬಹುದು. ಗುಜರಾತಿನ ನಕ್ಷೆ ತೆಗೆದುಕೊಂಡರೆ ಮೊದಲು ವಲಯ ನೋಡಿ: 72 ಡಿಗ್ರಿ ರೇಖಾಂಶದಲ್ಲಿ ಯುಟಿಎಂ ವಲಯ 42 ಮುಗಿದು 43 ಶುರುವಾಗುತ್ತದೆ, ಖಂಬಾತ್ ಕೊಲ್ಲಿಯ ಆಸುಪಾಸು ಎರಡೂ ಬೆರೆಯಬಹುದು.

ಮುಖ್ಯ ವ್ಯತ್ಯಾಸ ಹಂತ 2ರಲ್ಲಿ. 15 ಮೆಗಾವ್ಯಾಟ್‌ನ 34 ಟರ್ಬೈನ್, 66 ಕಿಲೋವೋಲ್ಟ್ ಎಂದುಕೊಳ್ಳಿ. ಒಂದರ ಕರೆಂಟ್ 138 ಆಂಪಿಯರ್ (ಪವರ್ ಫ್ಯಾಕ್ಟರ್ 0.95, ವೋಲ್ಟೇಜ್ ಕುಸಿತವನ್ನು ಸದ್ಯಕ್ಕೆ ಬಿಟ್ಟು). 715 ಆಂಪಿಯರಿನ ಕೇಬಲ್ 5 ಟರ್ಬೈನ್ ಹೊರುತ್ತದೆ, ಫೀಡರ್ 7 ಸಾಕು. ಆದರೆ ಆ 715 ಎಂಬುದು ಸಮುದ್ರತಳ 20 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು ಕೊಟ್ಟದ್ದಾಗಿದ್ದು, ನಿಮ್ಮ ಜಾಗದಲ್ಲಿ 30 ಇದ್ದರೆ, ಕೇಬಲ್ ತಾಳುವ 90 ಡಿಗ್ರಿಗೆ ಉಳಿದ ಅಂತರ 70ರಿಂದ 60ಕ್ಕೆ ಇಳಿಯಿತು. ಹೊರುವ ಕರೆಂಟ್ ಆ ಅಂತರದ ವರ್ಗಮೂಲಕ್ಕೆ ತಕ್ಕಂತೆ ಇಳಿದು 662 ಆಂಪಿಯರ್ ಆಗುತ್ತದೆ. ಕೂರುವುದು 4 ಟರ್ಬೈನ್, ಫೀಡರ್ ಕನಿಷ್ಠ 9. ಸಬ್‌ಸ್ಟೇಷನ್‌ನಲ್ಲಿ ಎಷ್ಟು ಕೇಬಲ್ ಕೊಳವೆ ಬಿಡಬೇಕು ಎಂಬ ಆರ್ಡರ್ ಹೋಗುವ ಮೊದಲೇ ತಳದ ಉಷ್ಣತೆಯನ್ನು ಅಳೆಸಿಕೊಳ್ಳಿ.